ಮನೆಯೊಳಗಣ ರಣರಂಗ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಶಾಲೆಯ ವಾರ್ಷಿಕ ವರದಿಯೊಂದೇ ಸಾಲದೇ ಎಂದು ಕೇಳಿದೆನು. ಸಾಲದೆಂದರು. ಪರೀಕ್ಷೆಯ ಫಲಿತಾಂಶವೂ, ಹೊಸ ಪ್ರಯೋಗಶಾಲೆಯ ಸಂಗತಿಯೂ, ಉಪಕಾರಿಗಳ ಹೆಸರುಗಳೂ ವರದಿಯಲ್ಲಿ ಬಂದೇ ಬರುತ್ತವೆ. ಅವನ್ನು ಓದಲಿಚ್ಛಿಸುವವರು ಅಲ್ಲಿಯೇ ಓದಲಿ. ಇಲ್ಲಿ ನಾನು ಬರೆಯಹೊರಟಿರುವುದು ಒಂದು ಕಂಪ್ಯೂಟರ್ ಆಟದ ವಿಷಯವನ್ನು. ಇದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನಗುವರೆಂದು ಬಲ್ಲೆನು. ಇಂಥ ಆಟಗಳನ್ನು ಕುರಿತು ಬೆಳಗಿನ ಪ್ರಾರ್ಥನಾಸಭೆಯಲ್ಲಿ ನಾನು ಆಡಿದ ಕಠಿನವಾದ ಮಾತುಗಳು ಅವರ ಕಿವಿಯಲ್ಲಿ ಇನ್ನೂ ಉಳಿದಿರಬಹುದು. ಕಣ್ಣನ್ನೂ ಕಾಲವನ್ನೂ ಒಟ್ಟಿಗೆ ಕೆಡಿಸುವ ವ್ಯಸನವೆಂದು ನಾನೇ ಹೇಳಿದ್ದೆನು. ಆ ಮಾತನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ತಿಳಿಯದ ವಿಷಯದಲ್ಲಿ ತಿಳಿದವಳಂತೆ ಮಾತಾಡಿದೆನೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

೨೦೨೨ನೆಯ ಇಸವಿಯ ಮಳೆಗಾಲದಲ್ಲಿ ನನ್ನ ಅಣ್ಣನು ಹೃದಯಾಘಾತದಿಂದ ಅಕಸ್ಮಾತ್ತಾಗಿ ತೀರಿಕೊಂಡನು. ಅತ್ತಿಗೆಯವರು ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ಕರಾರು ಮುಗಿಯುವ ಮೊದಲು ಕೆಲಸವನ್ನು ಬಿಟ್ಟು ಬರುವಂತಿರಲಿಲ್ಲ, ಮನೆಯ ಸಾಲವೂ ತೀರಿರಲಿಲ್ಲ. ಆದಕಾರಣ ಅವರ ಒಬ್ಬಳೇ ಮಗಳು ನನ್ನ ಮನೆಗೂ ನಮ್ಮ ಶಾಲೆಗೂ ಬಂದಳು. ಆಗ ಅವಳು ಎಂಟನೆಯ ತರಗತಿಯವಳು. ಬರುವಾಗ ಒಂದು ಬಟ್ಟೆಯ ಪೆಟ್ಟಿಗೆಯನ್ನೂ, ತಂದೆಯ ಕಂಪ್ಯೂಟರನ್ನೂ ತಂದಳು. ಪೆಟ್ಟಿಗೆಯನ್ನು ಬಿಚ್ಚಲು ಒಂದು ವಾರ ಹಿಡಿಯಿತು. ಕಂಪ್ಯೂಟರನ್ನು ಆ ರಾತ್ರಿಯೇ ಬಿಚ್ಚಿ ಜೋಡಿಸಿದಳು.

ಹುಡುಗಿಯು ಅಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವಳು, ಬಡಿಸಿದ್ದನ್ನು ಉಣ್ಣುವಳು, ಪಾಠ ಮುಗಿಸುವಳು. ಆ ಮೇಲೆ ಪರದೆಯ ಮುಂದೆ ಕುಳಿತಳೆಂದರೆ ಒಂದು ಮಾತಿಲ್ಲ. ನಾನು ಇಪ್ಪತ್ತೆರಡು ವರುಷಗಳಿಂದ ಹೆಣ್ಣುಮಕ್ಕಳ ನಡುವೆ ಇರುವವಳು. ಅಳುವ ಮಕ್ಕಳನ್ನು ಸಂತೈಸಲು ನನಗೆ ಬರುತ್ತದೆ, ಹಟಮಾರಿಗಳನ್ನು ತಿದ್ದಲೂ ಬರುತ್ತದೆ. ಈ ಮೌನದ ಎದುರಿಗೆ ಮಾತ್ರ ನನ್ನ ತರಬೇತಿಯೆಲ್ಲ ನಿರುಪಯೋಗವಾಯಿತು. ಕಡೆಗೆ ಒಂದು ಸಂಜೆ, ಬೇರೆ ದಾರಿ ಕಾಣದೆ, ಒಂದು ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತು "ಇದೇನು, ನನಗೂ ಸ್ವಲ್ಪ ತಿಳಿಸಿ ಹೇಳು ಮಗೂ" ಎಂದೆನು.

ಅವಳು ತೋರಿಸಿದ ಆಟದ ಹೆಸರು ಏಜ್ ಆಫ್ ಎಂಪೈರ್ಸ್, ಅದರ ಎರಡನೆಯ ಭಾಗ. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಎಂಬವರು ಇದನ್ನು ರಚಿಸಿ, ೧೯೯೯ನೆಯ ಇಸವಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಪ್ರಕಟಿಸಿದರು. ಅಣ್ಣನು ಕಾಲೇಜಿನಲ್ಲಿದ್ದಾಗ ಗಂಟೆಗಿಷ್ಟೆಂದು ಹಣ ಕೊಟ್ಟು ಇದನ್ನು ಆಡುತ್ತಿದ್ದನು; ಅದಕ್ಕಾಗಿ ನಮ್ಮ ತಂದೆಯವರಿಂದ ಬೈಸಿಕೊಂಡದ್ದೂ ನನಗೆ ನೆನಪಿದೆ. ಇಪ್ಪತ್ತು ವರುಷಗಳ ತರುವಾಯ, ೨೦೧೯ರ ನವೆಂಬರಿನಲ್ಲಿ, ಅದೇ ಆಟವು ಹೊಸ ಚಿತ್ರಗಳೊಡನೆ ಪುನಃ ಹೊರಬಿತ್ತು. ಅದನ್ನು ಅವನು ಕೊಂಡು ಮಗಳಿಗೆ ಕಲಿಸಿದ್ದನು.

ಯುದ್ಧದ ಆಟವೆಂದರೆ ಕತ್ತಿ ಕತ್ತಿಗಳ ಘರ್ಷಣೆಯೇ ಇರಬೇಕೆಂದು ಭಾವಿಸಿದ್ದ ನನಗೆ ಮೊದಲು ಕಂಡದ್ದು ಒಂದು ಒಕ್ಕಲು. ಆರಂಭದಲ್ಲಿ ಒಂದು ಊರಮನೆ, ದುಡಿಯುವ ಮೂವರು ಆಳುಗಳು, ದಾರಿ ಹುಡುಕಲು ಒಬ್ಬ ಸವಾರ. ಉಗ್ರಾಣದಲ್ಲಿ ೨೦೦ ಅಂಶ ಆಹಾರ, ೨೦೦ ಮರ, ೧೦೦ ಚಿನ್ನ, ೨೦೦ ಕಲ್ಲು. ಒಂದೊಂದು ಹೊಸ ಆಳಿಗೆ ೫೦ ಅಂಶ ಆಹಾರ ವೆಚ್ಚ. ಕುರಿಗಳನ್ನು ಅಟ್ಟಿ ತರಬೇಕು, ಹಣ್ಣು ಬಿಡಿಸಬೇಕು, ಮರ ಕಡಿಯಬೇಕು, ಹೊಲ ಹಾಕಬೇಕು. ೫೦೦ ಅಂಶ ಆಹಾರವು ಕೂಡಿದ ಮೇಲೆ ಕತ್ತಲ ಯುಗದಿಂದ ಪಾಳೆಯಗಾರರ ಯುಗಕ್ಕೆ ಏರಬಹುದು. ಅಲ್ಲಿಂದ ಕೋಟೆಗಳ ಯುಗ, ಆ ಬಳಿಕ ಸಾಮ್ರಾಜ್ಯದ ಯುಗ. ಊರಮನೆಯಿಂದ ಆಳುಗಳು ಹೊರಡುವುದು ಒಂದು ನಿಮಿಷ ತಡೆದರೂ ಅದರ ಫಲವನ್ನು ಅರ್ಧ ಗಂಟೆಯ ತರುವಾಯ ರಣರಂಗದಲ್ಲಿ ಅನುಭವಿಸಬೇಕಾಗುತ್ತದೆ. ಮನೆ ನಡೆಯಿಸುವ ಹೆಂಗಸರಿಗೆ ಇದು ತಿಳಿಯದ ವಿದ್ಯೆಯಲ್ಲ. ತಿಂಗಳ ಮೊದಲ ವಾರದ ಅಜಾಗರೂಕತೆಯು ಕಡೆಯ ವಾರದಲ್ಲಿ ಹೇಗೆ ಬಂದು ಬಾಗಿಲು ಬಡಿಯುತ್ತದೆಂಬುದನ್ನು ನಾವು ಬಲ್ಲೆವು.

ರಣರಂಗದಲ್ಲಾದರೋ ನಾನು ಮೊದಲಿನ ದಿವಸವೇ ಮುಗ್ಗರಿಸಿದೆನು. ಆಟದಲ್ಲಿ ನೈಟ್ ಎಂಬ ಕವಚಧಾರಿ ರಾವುತನಿದ್ದಾನೆ. ನೋಡಲು ಬಲು ಚಂದ. ಅವನಿಗೆ ೬೦ ಆಹಾರ, ೭೫ ಚಿನ್ನ ಬೀಳುತ್ತದೆ. ಉಳಿದುದನ್ನೆಲ್ಲ ಬಿಟ್ಟು ನಾನು ಅಂಥ ಹತ್ತು ಮಂದಿ ರಾವುತರನ್ನು ಸಂಪಾದಿಸಿ, ಸಾಲಾಗಿ ನಿಲ್ಲಿಸಿ, ಹೆಮ್ಮೆಯಿಂದ ವೈರಿಯ ಊರಿಗೆ ಕಳುಹಿಸಿದೆನು. ಎದುರಿಗೆ ಬಂದವರು ಹರಕು ಅಂಗಿಯ ಈಟಿಗಾರರು. ಒಬ್ಬೊಬ್ಬನಿಗೆ ೩೫ ಆಹಾರ, ೨೫ ಮರ. ಚಿನ್ನದ ಕಾಸೊಂದೂ ಬೇಡ. ನೋಡುನೋಡುತ್ತಿರುವಷ್ಟರಲ್ಲಿ ನನ್ನ ಹತ್ತು ಮಂದಿಯೂ ನೆಲಕ್ಕುರುಳಿದರು.

"ಇದು ಅನ್ಯಾಯವಲ್ಲವೇ?" ಎಂದು ನಾನು ಕೇಳಿದೆನು. ಅಂದು ಮೊದಲ ಸಾರೆ ಅವಳ ಮುಖದಲ್ಲಿ ನಗುವಿನ ನೆರಳು ಸುಳಿಯಿತು.

"ಅನ್ಯಾಯವೇನೂ ಅಲ್ಲ ಅತ್ತೆ. ಈಟಿಗಾರನ ಪೆಟ್ಟು ಮೂರೇ ಅಂಶ. ಆದರೆ ಕುದುರೆಯ ಮೇಲಾದರೆ ಅದಕ್ಕೆ ಹದಿನೈದು ಕೂಡುತ್ತದೆ. ನೀವು ಬಿಲ್ಲುಗಾರರನ್ನು ಜೊತೆಗೆ ಕಳುಹಿಸಿದ್ದರೆ ಈಟಿಗಾರರು ಹತ್ತಿರ ಬರುವ ಮುಂಚೆಯೇ ಬೀಳುತ್ತಿದ್ದರು."

ಆಮೇಲೆ ಅವಳು ನನಗೆ ವಿವರಿಸಿದ ಕ್ರಮವನ್ನು ನಾನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆನು. ರಾವುತನನ್ನು ಈಟಿಗಾರನು ತಡೆಯುವನು. ಈಟಿಗಾರನನ್ನು ಬಿಲ್ಲುಗಾರನು ದೂರದಿಂದಲೇ ಹೊಡೆಯುವನು. ಬಿಲ್ಲುಗಾರನನ್ನು ಭರ್ಜಿ ಎಸೆಯುವ ಹಗುರ ಯೋಧನು ಸೋಲಿಸುವನು. ಆ ಭರ್ಜಿಯವನನ್ನು ರಾವುತನು ತುಳಿದು ಹಾಕುವನು. ಹೀಗೆ ಎಲ್ಲರನ್ನೂ ಗೆಲ್ಲುವವನು ಯಾರೂ ಇಲ್ಲ, ಎಲ್ಲರಿಗೂ ಸೋಲುವವನೂ ಇಲ್ಲ. ಬಿಲ್ಲುಗಾರರು ಗುಂಪಾಗಿ ನಿಂತಲ್ಲಿ ಕವಣೆಯಂತ್ರದ ಒಂದೇ ಕಲ್ಲು ಅವರನ್ನೆಲ್ಲ ಕೆಡಹಬಹುದು. ಆಗ ಅವರನ್ನು ಚದರಿಸಿ ನಿಲ್ಲಿಸುವ ವ್ಯೂಹವೊಂದಿದೆ. ಸಾಲಿನ ವ್ಯೂಹದಲ್ಲಿ ಕತ್ತಿಯವರು ಮುಂದೆ, ಬಿಲ್ಲಿನವರು ಹಿಂದೆ ತಾವಾಗಿಯೇ ನಿಲ್ಲುತ್ತಾರೆ. ಗೋಡೆ ಕೆಡಹುವ ತೊಲೆಬಂಡಿಗೆ ಬಾಣಗಳು ತಾಗಿದರೂ ನಾಟುವುದಿಲ್ಲ, ಆದರೆ ಕತ್ತಿ ಹಿಡಿದ ನಾಲ್ವರು ಕಾಲಾಳುಗಳು ಅದನ್ನು ಮುರಿದು ಹಾಕುವರು. ದಿಣ್ಣೆಯ ಮೇಲಿಂದ ಕೆಳಕ್ಕೆ ಹೊಡೆದ ಪೆಟ್ಟಿಗೆ ಕಾಲುಭಾಗ ಬಲ ಹೆಚ್ಚು, ಕೆಳಗಿನಿಂದ ಮೇಲಕ್ಕೆ ಹೊಡೆದದ್ದಕ್ಕೆ ಕಾಲುಭಾಗ ಕಡಮೆ. ಈ ಒಂದು ಸಂಗತಿಯನ್ನು ತಿಳಿದ ಮೇಲೆ ನಾನು ನಮ್ಮ ಶಾಲೆಯ ಗುಡ್ಡವನ್ನು ಏರುವಾಗಲೆಲ್ಲ ಅದನ್ನು ನೆನೆಸಿಕೊಳ್ಳುತ್ತೇನೆ, ನಗಬಾರದು.

ಇದರಲ್ಲಿ ದಕ್ಷಿಣ ಹಿಂದೂಸ್ಥಾನದವರೂ ಇದ್ದಾರೆ. ೨೦೨೨ನೆಯ ಇಸವಿಯಲ್ಲಿ ಆಟಕ್ಕೆ ಸೇರಿಸಿದ ಜನಾಂಗಗಳಲ್ಲಿ ದ್ರಾವಿಡರೆಂಬವರು ಒಬ್ಬರು. ರಾಜೇಂದ್ರ ಚೋಳನ ದಂಡಯಾತ್ರೆಯನ್ನೂ ಆಡಬಹುದು. ಅವರಿಗೆ ಆ ಕವಚಧಾರಿ ರಾವುತರೇ ಇಲ್ಲವೆಂದು ಹುಡುಗಿಯು ಹೇಳಿದಾಗ ನನಗೆ ಮೊದಲು ಅಸಮಾಧಾನವಾಯಿತು. ಆದರೆ ಒಳ್ಳೆಯ ಕುದುರೆಗಳಿಗಾಗಿ ವಿಜಯನಗರದ ಅರಸರು ಕೂಡ ಸಮುದ್ರದಾಚೆಯ ಅರಬ್ಬೀ ದೇಶವನ್ನು ನೋಡಬೇಕಾಗಿತ್ತೆಂದು ನಾನೇ ಚರಿತ್ರೆಯ ತರಗತಿಯಲ್ಲಿ ಕಲಿಸಿದ್ದುಂಟಷ್ಟೆ.

ಅಣ್ಣನ ಕಂಪ್ಯೂಟರಿನಲ್ಲಿ ಇನ್ನೊಂದು ಆಟವೂ ಇತ್ತು: ಮಿಡೀವಲ್ ೨ ಟೋಟಲ್ ವಾರ್. ಇದು ಕ್ರಿಯೇಟಿವ್ ಅಸೆಂಬ್ಲಿ ಎಂಬವರು ರಚಿಸಿದ್ದು; ೨೦೦೬ರಲ್ಲಿ ಹೊರಬಿತ್ತು. ಹುಡುಗಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ನನಗಾದರೋ ಅದರಲ್ಲಿ ಒಂದು ಸತ್ಯವು ಕಂಡಿತು. ಮೊದಲನೆಯ ಆಟದ ಯೋಧರು ಪ್ರಾಣದ ಕಡೆಯ ಅಂಶ ಇರುವ ತನಕ ಹೋರಾಡುವರು. ಅವರಿಗೆ ಭಯವೆಂಬುದೇ ಇಲ್ಲ. ಈ ಎರಡನೆಯದರಲ್ಲಿ ಯೋಧರಿಗೆ ಭಯವಿದೆ. ಪಕ್ಕದಿಂದ ಅಥವಾ ಬೆನ್ನಿನಿಂದ ರಾವುತರು ನುಗ್ಗಿದರೆ, ದಳಪತಿಯು ಸತ್ತನೆಂದು ತಿಳಿದರೆ, ಇನ್ನೂ ಗಾಯವಾಗದವರು ಕೂಡ ಆಯುಧ ಬಿಸುಟು ಓಡಿಹೋಗುವರು. ಮುಂದಾಳು ಬಿದ್ದ ಮೇಲೆ ಓಡದೆ ನಿಂತಿರುವುದು ಎಷ್ಟು ಕಷ್ಟವೆಂಬುದನ್ನು ಆ ದಿವಸಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಇನ್ನು ಮಟ್ಟಗಳ ಮಾತಿಗೆ ಬರುತ್ತೇನೆ. ಈ ಬರಹಕ್ಕೆ ಕಾರಣವೇ ಅದು. ಯಂತ್ರದೊಡನೆ ಆಡುವ ಮುಂಚೆ ಅದು ಎಷ್ಟು ಕಠಿನವಾದ ವೈರಿಯಾಗಬೇಕೆಂದು ನಾವೇ ಆರಿಸಬೇಕು. ಹಳೆಯ ಆಟದಲ್ಲಿ ಐದು ಮಟ್ಟಗಳಿದ್ದವು, ಹೊಸದರಲ್ಲಿ ಆರನೆಯದೊಂದು ಸೇರಿದೆ. ಅತಿ ಸುಲಭದಿಂದ ಹಿಡಿದು ಪರಮ ಕಠಿನದ ವರೆಗೆ. ಕೆಳಗಿನ ಮಟ್ಟದಲ್ಲಿ ವೈರಿಯು ಮೆಲ್ಲಗೆ ಊರು ಕಟ್ಟುವನು, ದಾಳಿಯನ್ನು ತಡಮಾಡುವನು, ನಮ್ಮ ತಪ್ಪುಗಳನ್ನು ಕಂಡೂ ಕಾಣದವನಂತೆ ಬಿಡುವನು. ಮೇಲೆ ಹೋದಂತೆ ಅವನು ಒಂದು ಕ್ಷಣವನ್ನೂ ವ್ಯರ್ಥ ಮಾಡುವುದಿಲ್ಲ. ಇದರಲ್ಲಿ ಒಂದು ಗುಟ್ಟಿದೆಯೆಂದು ಹುಡುಗಿಯು ತಿಳಿಸಿದಳು. ೧೯೯೯ರ ಆಟದಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟದ ವೈರಿಗೆ ಬುದ್ಧಿಯು ಅಷ್ಟೇನೂ ಹೆಚ್ಚಾಗಿರಲಿಲ್ಲವಂತೆ. ನಮಗೆ ಕಾಣದಂತೆ ಅವನ ಉಗ್ರಾಣಕ್ಕೆ ಹೆಚ್ಚಿನ ಸಾಮಗ್ರಿ ಬಂದು ಬೀಳುತ್ತಿತ್ತು. ೨೦೧೯ರ ಆವೃತ್ತಿಯಲ್ಲಿ ಆ ಕಳ್ಳದಾನವನ್ನು ಬಿಟ್ಟು, ಯಂತ್ರದ ಬುದ್ಧಿಯನ್ನೇ ತಿದ್ದಿದರು. "ಅಪ್ಪನಿಗೆ ಹಳೆಯದರ ಮೇಲೆ ಎಷ್ಟು ಪ್ರೀತಿಯಿದ್ದರೂ ಇದೊಂದಕ್ಕಾಗಿ ಹೊಸದೇ ಲೇಸು ಅನ್ನುತ್ತಿದ್ದರು" ಎಂದಳು. ತಂದೆಯ ಹೆಸರು ಅವಳ ಬಾಯಲ್ಲಿ ಬಂದದ್ದು ಅಂದೇ ಮೊದಲು. ನಾನು ಉಸಿರು ಬಿಗಿಹಿಡಿದು ಪರದೆಯನ್ನೇ ನೋಡುತ್ತ ಕುಳಿತೆನು.

ಹೊಸ ಆವೃತ್ತಿಯಲ್ಲಿ ಯುದ್ಧಕಲೆಯನ್ನು ಕಲಿಸುವ ಅಭ್ಯಾಸಗಳಿವೆ. ಚೆನ್ನಾಗಿ ಮಾಡಿದರೆ ಕಂಚು, ಬೆಳ್ಳಿ, ಚಿನ್ನದ ಪದಕಗಳು ದೊರೆಯುತ್ತವೆ. ಮಕ್ಕಳಿಗೆ ಪದಕ ಹಂಚುವ ನಾನು ಕಂಚಿನ ಪದಕವೊಂದಕ್ಕಾಗಿ ಮೂರು ಶನಿವಾರಗಳನ್ನು ವೆಚ್ಚ ಮಾಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಕ್ರಿಸ್ಮಸ್ ರಜೆಯ ಹೊತ್ತಿಗೆ ನಾನು ಅತಿ ಸುಲಭದ ಮಟ್ಟದಲ್ಲಿ ಹೇಗೋ ನಿಭಾಯಿಸಬಲ್ಲವಳಾದೆನು. ಜನವರಿಯಲ್ಲಿ ಒಂದು ದಿನ ಮಧ್ಯಮ ಮಟ್ಟವನ್ನು ಏರಿ, ಬಿಲ್ಲುಗಾರರನ್ನು ದಿಣ್ಣೆಯ ಮೇಲೂ ಈಟಿಗಾರರನ್ನು ಅವರ ಮುಂದೆಯೂ ನಿಲ್ಲಿಸಿ, ವೈರಿಯನ್ನು ಸೋಲಿಸಿಯೇ ಬಿಟ್ಟೆನು. ಮರುದಿನ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಈ ಜಯವನ್ನು ಕುರಿತು ನಾನು ಮಾಡಿದ ವರ್ಣನೆಯು ಸ್ವಲ್ಪ ದೀರ್ಘವಾಯಿತೆಂದು ಆಮೇಲೆ ತಿಳಿಯಿತು.

ಹುಡುಗಿಯು ತಾನು ಆಡುತ್ತಿದ್ದದ್ದು ಬೇರೆ. ಆಟದಲ್ಲಿ ಜೋನ್ ಆಫ್ ಆರ್ಕಳ ಕಥೆಯು ಆರು ಅಧ್ಯಾಯಗಳಾಗಿ ಬಂದಿದೆ. ಅವಳೊಡನೆ ಇದ್ದ ಯೋಧನೊಬ್ಬನು ದಿನಚರಿಯಂತೆ ಅದನ್ನು ಹೇಳಿಕೊಂಡು ಹೋಗುತ್ತಾನೆ. ಮೊದಲನೆಯದರಲ್ಲಿ ಹಳ್ಳಿಯ ಹುಡುಗಿಯಾದ ಜೋನಳನ್ನು ಶಿನೋನ್ ಪಟ್ಟಣದ ವರೆಗೆ ಸುರಕ್ಷಿತವಾಗಿ ಕರೆದೊಯ್ಯಬೇಕು. ಎರಡನೆಯದರಲ್ಲಿ ಇಂಗ್ಲಿಷರು ಮುತ್ತಿದ ಆರ್ಲಿಯನ್ಸ್ ನಗರಕ್ಕೆ ಸಾಮಗ್ರಿಯ ಬಂಡಿಗಳನ್ನು ತಲುಪಿಸಬೇಕು. ಚರಿತ್ರೆಯಲ್ಲಿಯೂ ಅವಳು ೧೪೨೯ರ ಏಪ್ರಿಲ್ ೨೯ರಂದು ಆ ನಗರವನ್ನು ಹೊಕ್ಕಳು. ಮೇ ೭ರಂದು ಕೊರಳಿಗೂ ಹೆಗಲಿಗೂ ನಡುವೆ ಬಾಣ ನಾಟಿದರೂ ಮರಳಿ ಕಾಳಗಕ್ಕೆ ಬಂದಳು. ಮೇ ೮ರಂದು ಮುತ್ತಿಗೆ ಎದ್ದಿತು. ಆಗ ಅವಳಿಗೆ ಸುಮಾರು ಹದಿನೇಳು ವರುಷ, ನಮ್ಮ ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವ ಹುಡುಗಿಯರಿಗಿಂತ ಒಂದು ವರುಷ ದೊಡ್ಡವಳಷ್ಟೆ.

ಈ ಕಥೆಯ ನೆವದಿಂದ ನಾವಿಬ್ಬರೂ ಚರಿತ್ರೆಯ ಪುಸ್ತಕಗಳನ್ನು ತೆರೆದೆವು. ೧೪೧೫ರ ಅಕ್ಟೋಬರ್ ೨೫ರಂದು ಅಜಿನ್ಕೋರ್ಟ್ ಎಂಬಲ್ಲಿ ಇಂಗ್ಲಿಷ್ ಬಿಲ್ಲುಗಾರರು ಚೂಪಾದ ಗೂಟಗಳನ್ನು ನೆಲದಲ್ಲಿ ಓರೆಯಾಗಿ ನೆಟ್ಟು, ಅವುಗಳ ಹಿಂದೆ ನಿಂತು, ತಮಗಿಂತ ಹೆಚ್ಚಿದ್ದ ಫ್ರೆಂಚರನ್ನು ಸೋಲಿಸಿದರು. ಎರಡು ಕಾಡುಗಳ ನಡುವಿನ ಇಕ್ಕಟ್ಟು, ಮಳೆಯಲ್ಲಿ ನೆನೆದ ಉತ್ತ ಹೊಲ, ಭಾರವಾದ ಕವಚ ತೊಟ್ಟು ಕೆಸರಿನಲ್ಲಿ ಹೂತ ಸರದಾರರು. ನಮ್ಮ ಗದ್ದೆಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಹದಿನಾಲ್ಕು ವರುಷಗಳಾದ ಮೇಲೆ, ೧೪೨೯ರ ಜೂನ್ ೧೮ರಂದು, ಪಟೇ ಎಂಬ ಊರಿನ ಬಳಿ ಅದೇ ಬಗೆಯ ಬಿಲ್ಲುಗಾರರು ಅದೇ ಗೂಟಗಳನ್ನು ನೆಡುತ್ತಿದ್ದರು. ಒಂದು ಸಾರಂಗವು ಅಡ್ಡ ಓಡಿತೆಂದೂ, ಅದನ್ನು ಕಂಡು ಅವರು ಕೂಗಿಕೊಂಡರೆಂದೂ, ಆ ಕೂಗಿನಿಂದ ಅವರು ಅಡಗಿದ್ದ ಜಾಗವು ಫ್ರೆಂಚ್ ಬೇಹಿನವರಿಗೆ ತಿಳಿಯಿತೆಂದೂ ಹೇಳುತ್ತಾರೆ. ಗೂಟಗಳು ನೆಲಕ್ಕೆ ಇಳಿಯುವ ಮೊದಲೇ ರಾವುತರು ಮೇಲೆ ಬಿದ್ದರು. ಬಿಲ್ಲು ಅದೇ, ಕೈ ಅದೇ. ಗೂಟ ನೆಡುವಷ್ಟು ಹೊತ್ತು ಸಿಕ್ಕಲಿಲ್ಲ, ಅಷ್ಟೇ. ಹುಡುಗಿಯು ಇದನ್ನು ಎರಡು ಸಾರೆ ಓದಿಸಿದಳು. ಆ ದಿನದ ಮುಂಚೂಣಿಯಲ್ಲಿ ಜೋನ್ ಇರಲಿಲ್ಲ, ಹಿಂದಿನ ದಳದಲ್ಲಿದ್ದಳೆಂದು ತಿಳಿದು ಅವಳಿಗೆ ಸ್ವಲ್ಪ ನಿರಾಶೆಯಾಯಿತು.

ಆದರೆ ನಾನು ಒಂದು ವಿಷಯವನ್ನು ಗಮನಿಸಿದೆನು. ಇಷ್ಟು ಬಲ್ಲವಳು, ನನಗೆ ಕಲಿಸುವವಳು, ಜೋನಳ ಅಧ್ಯಾಯಗಳನ್ನು ಮಾತ್ರ ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿಯೇ ಆಡುತ್ತಿದ್ದಳು. ಐದನೆಯ ಅಧ್ಯಾಯವು ಮುಗಿಯುತ್ತಲೇ ಪುನಃ ಮೊದಲನೆಯದಕ್ಕೆ ಬರುವಳು. ಆರನೆಯದನ್ನು ತೆರೆಯುತ್ತಲೇ ಇರಲಿಲ್ಲ. ಇದಕ್ಕೆ ನಾನು ನನ್ನದೇ ಆದ ಒಂದು ಅರ್ಥವನ್ನು ಮಾಡಿಕೊಂಡೆನು: ಮಗುವಿನ ಮನಸ್ಸು ನೊಂದಿದೆ, ಕಷ್ಟವನ್ನು ಅದು ತಾಳಲಾರದು. ಈ ಅರ್ಥವನ್ನು ಅನುಸರಿಸಿ ಶಾಲೆಯಲ್ಲಿಯೂ ಒಂದು ಕೆಲಸ ಮಾಡಿದೆನು. ಅವಳ ಉಪಾಧ್ಯಾಯಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, "ಆ ಹುಡುಗಿಯ ವಿಷಯದಲ್ಲಿ ಈ ವರುಷ ಸ್ವಲ್ಪ ಕನಿಕರವಿರಲಿ" ಎಂದೆನು. ಮನೆಪಾಠ ತಪ್ಪಿದರೆ ಬಿಟ್ಟುಬಿಡಿ, ಹಲಗೆಯ ಹತ್ತಿರಕ್ಕೆ ಕರೆಯಬೇಡಿ ಎಂದೆನು. ಅಂಕಗಳ ಮಾತನ್ನು ನಾನು ಎತ್ತಿರಲಿಲ್ಲ. ಆದರೆ ಮುಖ್ಯೋಪಾಧ್ಯಾಯಿನಿಯ ಕನಿಕರವು ಕೆಳಗಿನವರಿಗೆ ಆಜ್ಞೆಯಾಗಿ ಕೇಳಿಸುತ್ತದೆಂಬುದನ್ನು ಇಷ್ಟು ವರುಷ ಕೆಲಸ ಮಾಡಿದವಳು ತಿಳಿದಿರಬೇಕಾಗಿತ್ತು.

೨೦೨೩ರ ಏಪ್ರಿಲಿನಲ್ಲಿ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ತೋರಿಸಿದೆವು. ಆ ಸಂಜೆ ಅವಳು ಗಣಿತದ ಪತ್ರಿಕೆಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. ನೂರಕ್ಕೆ ೭೨. ನಾನು ಸಂತೋಷವನ್ನು ಸೂಚಿಸತೊಡಗಿದೆನು. ಅವಳು ನಡುವಿನ ಒಂದು ಹಾಳೆಯನ್ನು ತೆರೆದಳು.

"ಈ ಪ್ರಮೇಯವನ್ನು ನಾನು ಅರ್ಧವೇ ಬರೆದಿದ್ದೇನೆ. ನಾಲ್ಕಕ್ಕೆ ನಾಲ್ಕು ಹೇಗೆ ಬಂತು?"

ನಾನು ಸುಮ್ಮನಿದ್ದೆನು.

"ಇಲ್ಲಿ ಭಾಗಾಕಾರವೇ ತಪ್ಪಿದೆ. ಇಲ್ಲಿಯೂ ಪೂರ್ತಿ ಅಂಕ. ಅತ್ತೆ, ನನ್ನ ಮಟ್ಟವನ್ನು ಇಳಿಸಿದವರು ಯಾರು?"

ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ. "ನಾನೇ ಮಗೂ. ನಿನಗೆ ನೋವಾಗಬಾರದೆಂದು" ಎಂದೆನು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಹೇಳಿದ ಮಾತು ಇದು: "ಜನವರಿಯಲ್ಲಿ ನೀವು ಗೆದ್ದಿರಲ್ಲ, ಅದು ಮಧ್ಯಮ ಮಟ್ಟವಲ್ಲ ಅತ್ತೆ. ನೀವು ಕಾಫಿ ಮಾಡಲು ಹೋದಾಗ ನಾನು ಅತಿ ಸುಲಭಕ್ಕೆ ಇಳಿಸಿದ್ದೆ. ನಿಮಗೂ ನೋವಾಗಬಾರದೆಂದೇ."

ಓದುವವರಿಗೆ ಇದು ನಗೆಪಾಟಲಿನಂತೆ ಕಾಣಬಹುದು. ನನ್ನ ಮುಖಕ್ಕೆ ಬಿಸಿ ಏರಿದ್ದು ಮಾತ್ರ ನಿಜ. ಆ ಜಯವನ್ನು ನಾನು ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದೆನು! ದಿಣ್ಣೆಯ ಮೇಲೆ ಬಿಲ್ಲುಗಾರರನ್ನು ನಿಲ್ಲಿಸಿದ್ದು, ಈಟಿಗಾರರನ್ನು ಕಾದಿರಿಸಿದ್ದು, ಎಲ್ಲವೂ ಒಂದು ಗಳಿಗೆಯಲ್ಲಿ ನನ್ನದಲ್ಲದಂತಾಯಿತು. ನಾನು ಒಳ್ಳೆಯದಾಗಿ ಆಡಿದೆನೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯೇ ನನಗೆ ಉಳಿಯಲಿಲ್ಲ. ಅವಳ ಇಡೀ ಒಂದು ವರುಷದ ಓದನ್ನು ನಾನು ಹಾಗೆ ಮಾಡಿಟ್ಟಿದ್ದೆನು. ಇದು ಹಳೆಯ ಆಟದ ಕಳ್ಳದಾನವೇ. ವೈರಿಗೆ ಕೊಡುವ ಬದಲು ಅವಳ ಉಗ್ರಾಣಕ್ಕೆ ಸುರಿದಿದ್ದೆನೆಂಬುದಷ್ಟೇ ಭೇದ.

"ನಿನ್ನ ಅಪ್ಪ ನಿನಗೆ ಮಟ್ಟ ಇಳಿಸಿಕೊಡುತ್ತಿರಲಿಲ್ಲವೇ?" ಎಂದು ಕೇಳಿದೆನು. ವಾದಕ್ಕಾಗಿ ಕೇಳಿದೆನೋ, ತಿಳಿಯಲಿಕ್ಕಾಗಿ ಕೇಳಿದೆನೋ, ಇಂದಿಗೂ ಹೇಳಲಾರೆನು.

"ಇಳಿಸುತ್ತಿದ್ದರು. ಆದರೆ ಹೇಳಿ ಇಳಿಸುತ್ತಿದ್ದರು."

ಮರುದಿನ ಗಣಿತದ ಉಪಾಧ್ಯಾಯಿನಿಯವರನ್ನು ಕರೆದು, ಅವರನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸಿದ್ದಕ್ಕಾಗಿ ಕ್ಷಮೆ ಕೇಳಿದೆನು. ಪತ್ರಿಕೆಯನ್ನು ಉಳಿದ ಮಕ್ಕಳ ಪತ್ರಿಕೆಗಳಂತೆಯೇ ಪುನಃ ನೋಡಿದರು. ೭೨ ಇದ್ದದ್ದು ೫೩ ಆಯಿತು. ಹುಡುಗಿಯು ಆ ಅಂಕಪಟ್ಟಿಯನ್ನು ಮಡಚಿ ತನ್ನ ಪುಸ್ತಕದಲ್ಲಿ ಇಟ್ಟುಕೊಂಡಳು. ಮೂರು ದಿನ ನನ್ನೊಡನೆ ಮಾತಿರಲಿಲ್ಲ. ಮೂರನೆಯ ರಾತ್ರಿ ಅವಳ ಕೊಠಡಿಯಿಂದ ಅಳುವ ಸದ್ದು ಕೇಳಿಸಿತು. ಒಳಗೆ ಹೋದೆನು, ಹೋಗಬೇಡವೆನ್ನಲಿಲ್ಲ. ಆ ರಾತ್ರಿಯ ಸಂಗತಿಯಲ್ಲಿ ಎರಡು ವಾಕ್ಯಗಳನ್ನು ಇಲ್ಲಿ ಬರೆದಿದ್ದೆನು. ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಲು ಕೊಟ್ಟಾಗ ಅವೆರಡನ್ನೂ ಹೊಡೆದುಹಾಕಿ, ಉಳಿದುದಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ.

ಆದರೆ ಒಂದು ಮಾತನ್ನು ಹೇಳಬಹುದೆಂದಿದ್ದಾಳೆ. ಜೋನಳ ಅಧ್ಯಾಯಗಳನ್ನು ಕೆಳಗಿನ ಮಟ್ಟದಲ್ಲಿಯೇ ಏಕೆ ಆಡುತ್ತೀ ಎಂದು ನಾನು ಆಗ ಕೇಳಿದೆನು. ಇಷ್ಟು ತಿಂಗಳು ಕೇಳದೆ ಅರ್ಥ ಮಾಡಿಕೊಂಡಿದ್ದವಳು ಆಗ ಕೇಳಿದೆನು. ಜೋನ್ ಸತ್ತರೆ ಆಟವು ಅಲ್ಲಿಗೇ ಸೋತಂತೆ. ಅದು ಆ ಅಧ್ಯಾಯಗಳ ನಿಯಮ. "ಆ ಮಟ್ಟದಲ್ಲಿ ಅವಳಿಗೆ ಒಂದು ಗಾಯವೂ ಆಗದಂತೆ ಕರೆದುಕೊಂಡು ಹೋಗಬಹುದು ಅತ್ತೆ" ಎಂದಳು. ಆರನೆಯ ಅಧ್ಯಾಯದಲ್ಲಿ ಜೋನ್ ಇಲ್ಲ. ಚರಿತ್ರೆಯಂತೆ ಅವಳು ೧೪೩೦ರ ಮೇ ತಿಂಗಳಲ್ಲಿ ಕೊಂಪಿಯೆನ್ ಪಟ್ಟಣದ ಹೊರಗೆ ಸೆರೆಸಿಕ್ಕಳು. ೧೪೩೧ರ ಮೇ ೩೦ರಂದು ರೂಆನ್ ನಗರದಲ್ಲಿ ಅವಳನ್ನು ಸುಟ್ಟರು. ಕಡೆಯ ಅಧ್ಯಾಯವು ೧೪೫೩ರ ಕಾಸ್ಟಿಯೋನ್ ಕಾಳಗದ ಕಾಲದ್ದು, ಅವಳಿಲ್ಲದೆ ಉಳಿದವರು ಹೋರಾಡುವಂಥದು. ತಂದೆಯೂ ಮಗಳೂ ಸೇರಿ ಐದು ಅಧ್ಯಾಯಗಳನ್ನು ಮುಗಿಸಿದ್ದರಂತೆ; ಆರನೆಯದನ್ನು ಮುಂದಿನ ಭಾನುವಾರಕ್ಕೆಂದು ಇಟ್ಟಿದ್ದರಂತೆ.

ಒಂಬತ್ತನೆಯ ತರಗತಿಯಲ್ಲಿ ಅವಳನ್ನು ಹಲಗೆಯ ಹತ್ತಿರಕ್ಕೆ ಎಲ್ಲರಂತೆ ಕರೆಯಲಾಯಿತು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ೨೫ಕ್ಕೆ ೧೧ ಬಂತು. ನನ್ನ ಕೈ ಮತ್ತೆ ಕನಿಕರಕ್ಕೆ ತುಡಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಅದರ ಬದಲಿಗೆ ಅವಳನ್ನೇ ಕೇಳಿದೆನು: ಸಂಜೆ ಒಂದು ಗಂಟೆ ಸಹಾಯ ಬೇಕೋ, ಬೇಡವೋ? ವಾರಕ್ಕೆ ಎರಡು ದಿನ ಸಾಕೆಂದಳು. ಇತರ ಮಕ್ಕಳ ವಿಷಯದಲ್ಲಿಯೂ ನಾನು ಈಗ ಹಾಗೆ ಕೇಳುವ ಅಭ್ಯಾಸವನ್ನಿಟ್ಟುಕೊಂಡಿದ್ದೇನೆ. ಕೆಲವು ತಾಯ್ತಂದೆಗಳು ಇದನ್ನು ಮೆಚ್ಚುವುದಿಲ್ಲವೆಂಬುದೂ ಗೊತ್ತು; ಮಗುವನ್ನು ಏನು ಕೇಳುವುದು, ನೀವೇ ನಿರ್ಧರಿಸಿ ಎಂದು ನನ್ನ ಕೊಠಡಿಗೆ ಬಂದು ಹ���ಳಿದವರಿದ್ದಾರೆ. ಅವರಲ್ಲಿ ಕೆಲವರು ಈ ಸಂಚಿಕೆಯನ್ನು ಓದುತ್ತಿರಬಹುದು.

ಕಳೆದ ದಸರಾ ರಜೆಯಲ್ಲಿ ಅತ್ತಿಗೆಯವರು ಒಂದು ತಿಂಗಳ ರಜೆಯ ಮೇಲೆ ಊರಿಗೆ ಬಂದಿದ್ದರು. ಒಂದು ಭಾನುವಾರ ಮಧ್ಯಾಹ್ನ, ಆರಾಧನೆಯಿಂದ ಬಂದು ಊಟ ಮುಗಿಸಿದ ಮೇಲೆ, ಹುಡುಗಿಯು ನಮ್ಮಿಬ್ಬರನ್ನೂ ಕರೆದು ಕುಳ್ಳಿರಿಸಿ ಆರನೆಯ ಅಧ್ಯಾಯವನ್ನು ತೆರೆದಳು. ಮಟ್ಟವನ್ನು ಆರಿಸುವಾಗ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದಳು: ಕಠಿನ. ಅತ್ತಿಗೆಯವರಿಗೆ ಆಟವು ತಿಳಿಯದು. ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿರಲಾರದೆ, ಬಿಲ್ಲುಗಾರರನ್ನು ಚದರಿಸು, ರಾವುತರನ್ನು ತಡೆದಿಡು ಎಂದು ನಡುನಡುವೆ ಹೇಳಿದೆನು. ಒಂದೆರಡನ್ನು ಕೇಳಿದಳು, ಉಳಿದುವನ್ನು ಕೇಳಲಿಲ್ಲ. ಸಂಜೆಯ ಆರು ಗಂಟೆಗೆ ಅವಳ ಸೈನ್ಯವೆಲ್ಲ ನಾಶವಾಯಿತು. ನಾನು ಅವಳ ಮುಖವನ್ನು ನೋಡಲು ಅಂಜಿ ಅಡಿಗೆಮನೆಗೆ ಹೋದೆನು.

ರಾತ್ರಿಯ ಊಟಕ್ಕೆ ಕರೆದಾಗ ಬಂದಳು. ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ, "ಕವಣೆಯಂತ್ರಗಳ ಕಾವಲಿಗೆ ಈಟಿಗಾರರನ್ನು ಬಿಟ್ಟಿರಲೇ ಇಲ್ಲ ನಾನು" ಎಂದಳು. "ಅಮ್ಮ, ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?"